ನಾವು ಕಂಡ ಸಿನಿಮಾ, ನಮ್ಮೂರಿಗೆ ಬರದ ಸಿನಿಮಾ

ನಮ್ಮ ಸಹಕಾರ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ರಜತ ಮಹೋತ್ಸವ ಆಚರಿಸಿಕೊಳ್ಳುತ್ತಿರುವುದು ಮಾಗಳ ಗ್ರಾಮದ ಎಲ್ಲರಿಗೂ ಹೆಮ್ಮೆಯ ಸಂಗತಿ. ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿರೆಂದು ಸಂಪಾದಕ ಮಂಡಳಿಯವರು ಕೇಳಿದಾಗ, "ಸಾಲ, ಷೇರು, ಬೀಜ, ಗೊಬ್ಬರದ ವಿಷಯ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರ, ನನಗ ತಿಳಿದದ್ದು ಸಿನಿಮಾ ಒಂದೇ" ಎಂದೆ. "ಅದನ್ನೇ ಬರೀರಿ" ಎಂದರು. ಸಹಕಾರ ಸಂಘದ ಪುಸ್ತಕದಲ್ಲಿ ಸಿನಿಮಾಕ್ಕೇನು ಕೆಲಸ ಎಂದು ಕೆಲವರಾದರೂ ಕೇಳಬಹುದು. ಕೆಲಸ ಇದೆ. ನಮ್ಮ ಪಕ್ಕದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಮಾಡಿದ್ದೇನು? ಒಬ್ಬನ ಕೈಯಲ್ಲಿ ಆಗದ್ದನ್ನು ಹತ್ತು ಕೈ ಕೂಡಿಸಿ ಮಾಡಿದರು. ಸಿನಿಮಾ ಕೂಡ ಅಂಥದ್ದೇ. ಕೂಡಿ ಮಾಡಬೇಕು, ಕೂಡಿ ನೋಡಬೇಕು, ನೋಡಿದ ಮೇಲೆ ಕೂಡಿಯೇ ಕಾಯ್ದುಕೊಳ್ಳಬೇಕು. ಈ ಮೂರನೆಯದನ್ನು ನಾವು ಮರೆತಿದ್ದೇವೆ ಎಂಬುದೇ ಈ ಲೇಖನದ ತಾತ್ಪರ್ಯ.

ಮೊದಲ ದಿನಗಳು

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನಲ್ಲಿ. ವೈ.ವಿ. ರಾವ್ ನಿರ್ದೇಶಕರು. ನಾಟಕರಂಗದಿಂದ ಬಂದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ, ಲಕ್ಷ್ಮೀಬಾಯಿ ಮುಖ್ಯ ಪಾತ್ರಧಾರಿಗಳು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ.

ಆಗ ನಮ್ಮ ಸೀಮೆಯ ಸ್ಥಿತಿ ಬೇರೆ ಇತ್ತು. ತುಂಗಭದ್ರೆಯ ಈಚೆ ದಡದ ನಾವು ಮದ್ರಾಸ್ ಪ್ರಾಂತದವರು, ಹೊಳಿ ದಾಟಿದರೆ ಮುಂಬಯಿ ಪ್ರಾಂತ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಅದರ ಜೊತೆ ನಮ್ಮ ಹಡಗಲಿ, ಮೈಸೂರು ರಾಜ್ಯಕ್ಕೆ ಸೇರುವವರೆಗೂ ಆಡಳಿತವೆಲ್ಲ ಮದ್ರಾಸಿನಿಂದಲೇ. ಹಾಗಾಗಿ ನಮ್ಮ ಜಿಲ್ಲೆಯ ಮಹಾನಟ ಬಳ್ಳಾರಿ ರಾಘವರನ್ನು ತೆರೆಯ ಮೇಲೆ ನೋಡಬೇಕಾದರೆ ತೆಲುಗು ಚಿತ್ರವನ್ನೇ ನೋಡಬೇಕು. ಗೂಡವಲ್ಲಿ ರಾಮಬ್ರಹ್ಮಂ ಅವರ 'ರೈತು ಬಿಡ್ಡ' (1939) ಜಮೀನ್ದಾರರ ಕೈಯಲ್ಲಿ ಸಿಕ್ಕ ರೈತನ ಕಥೆ. ಅದರಲ್ಲಿ ರಾಘವರು ಮುಖ್ಯ ಪಾತ್ರಧಾರಿ. ಜಮೀನ್ದಾರರಿಗೆ ಅದು ಎಷ್ಟು ನಾಟಿತೆಂದರೆ ಕೆಲವು ಜಿಲ್ಲೆಗಳಲ್ಲಿ ಸರಕಾರ ಚಿತ್ರವನ್ನು ನಿಷೇಧಿಸಿತು. ಒಕ್ಕಲಿಗನ ಗೋಳು ತೆರೆಯ ಮೇಲೆ ಬಂದರೆ ದೊಡ್ಡವರಿಗೆ ನಿದ್ದೆ ಬರುವುದಿಲ್ಲ ಎಂಬುದು ಅಂದೇ ಗೊತ್ತಾಯಿತು.

ಇಲ್ಲೊಂದು ಮಾತು ಹೇಳಬೇಕು. ನಮ್ಮೂರಿನಲ್ಲಿ ಚಾಲುಕ್ಯರ ಕಾಲದ ಗುಡಿ ಇದೆ. ಎಂಟು ನೂರು ವರ್ಷಗಳಿಗೂ ಮೇಲಾಯಿತು, ಕಂಬದ ಕೆತ್ತನೆ ಇಂದಿಗೂ ಕೈಯಿಂದ ಮುಟ್ಟಿ ನೋಡಬಹುದು. 'ಸತಿ ಸುಲೋಚನ'ಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ, ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರವನ್ನು ಇನ್ನು ಯಾರೂ ನೋಡುವಂತಿಲ್ಲ. ಕಲ್ಲು ತಾನಾಗಿ ನಿಲ್ಲುತ್ತದೆ. ಫಿಲಂ ಹಾಗಲ್ಲ, ತಂಪಾದ ಕೋಣೆಯಲ್ಲಿಟ್ಟು ಹಸುಗೂಸಿನಂತೆ ಜೋಪಾನ ಮಾಡಬೇಕು. ಇಲ್ಲದಿದ್ದರೆ ಹುಳಿ ವಾಸನೆ ಹೊಡೆದು, ಅಂಟಿಕೊಂಡು, ಪುಡಿಯಾಗಿ ಹೋಗುತ್ತದೆ.

ಟೆಂಟಿನ ಕಾಲ

ನಮ್ಮ ಕಡೆಯ ಹಳ್ಳಿಗಳಿಗೆ ಸಿನಿಮಾ ಎಂದರೆ ಟೂರಿಂಗ್ ಟಾಕೀಸು, ನಮ್ಮ ಮಾತಿನಲ್ಲಿ ಟೆಂಟು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲಕ್ಕೆ, ಇಲ್ಲವೇ ಮೈಲಾರ, ಕುರುವತ್ತಿ, ಕೊಟ್ಟೂರಿನಂಥ ದೊಡ್ಡ ಜಾತ್ರೆಗಳ ಹೊತ್ತಿಗೆ ಟೆಂಟು ಏಳುತ್ತಿತ್ತು. ಬಯಲಾಟ, ದೊಡ್ಡಾಟ ನೋಡಿ ಬೆಳೆದ ಮಂದಿಗೆ ರಾತ್ರಿಯೆಲ್ಲ ಕೂಡುವುದು ಹೊಸದೇನಲ್ಲ. ಮಣ್ಣಿನ ಮೇಲೆ ಕೂತರೆ 'ನೆಲ', ಅದರ ಹಿಂದೆ ಬೆಂಚು, ಕೊನೆಗೆ ಕುರ್ಚಿ. ನಡುವೆ ಒಂದು ಪರದೆ ಕಟ್ಟಿ ಹೆಂಗಸರಿಗೆ ಬೇರೆ ಜಾಗ. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರ ವೆಂಕಟೇಶನ ಹಾಡು ಹತ್ತಿತೆಂದರೆ ಆಟ ಶುರುವಾಗಲಿಕ್ಕೆ ಹೆಚ್ಚು ಹೊತ್ತಿಲ್ಲ ಎಂದು ಲೆಕ್ಕ. ಹೊಲದಲ್ಲಿದ್ದವರು ಆ ಹಾಡು ಕೇಳಿಯೇ ಕೈಕಾಲು ತೊಳೆದುಕೊಂಡು, ಊಟ ಮುಗಿಸಿ, ಚಾಪಿ ಹಿಡಿದು ಹೊರಡುತ್ತಿದ್ದರು.

ಅದರ ಯಂತ್ರದ ಬಗ್ಗೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಸಾವಿರ ಅಡಿ ಫಿಲಂ ಓಡಿದರೆ ಸುಮಾರು ಹನ್ನೊಂದು ನಿಮಿಷದ ಆಟ. ಎರಡೂವರೆ ತಾಸಿನ ಚಿತ್ರವೆಂದರೆ ಹದಿನಾಲ್ಕು ಸಾವಿರ ಅಡಿಯ ಹತ್ತಿರ. ಇಷ್ಟೂ ತಗಡಿನ ಡಬ್ಬಿಗಳಲ್ಲಿ ಬಸ್ಸಿನ ಮೇಲೆ ಬರಬೇಕು. ಬೆಳಕಿಗೆ ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಿಡಿ ಹೊತ್ತಿಸುತ್ತಿದ್ದರು, ಕಡ್ಡಿ ಸವೆದಂತೆಲ್ಲ ಆಪರೇಟರು ಹತ್ತಿರ ಸರಿಸುತ್ತಲೇ ಇರಬೇಕು. ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರು. ರೀಲು ಮುಗಿದಾಗ ದೀಪ ಹತ್ತುತ್ತಿತ್ತು, ಶೇಂಗಾ, ಮಂಡಕ್ಕಿ, ಸೋಡಾ ಮಾರುವವರು ಒಳಗೆ ನುಗ್ಗುತ್ತಿದ್ದರು. ಆ ಬಿಡುವಿನಲ್ಲಿ ನಡೆಯುತ್ತಿದ್ದ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. "ಆ ಗೌಡ ಮಾಡಿದ್ದು ತಪ್ಪು", "ಇಲ್ಲಪಾ, ಅವನ ಜಾಗದಾಗ ನೀನಿದ್ದರ ಏನು ಮಾಡ್ತಿದ್ದಿ?" ಎಂಬ ವಾದ ಮುಂದಿನ ರೀಲು ಸುತ್ತುವವರೆಗೂ ನಡೆಯುತ್ತಿತ್ತು. ಓದು ಬಾರದ ಹಿರಿಯರು ಹಾಡಿನ ಪುಸ್ತಕ ಕೊಂಡು, ಶಾಲೆಗೆ ಹೋಗುವ ಮಕ್ಕಳಿಂದ ಮನೆಯಲ್ಲಿ ಓದಿಸಿಕೊಳ್ಳುತ್ತಿದ್ದರು.

ಕಲಾವಿದರ ಸಹಕಾರ

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ಬಂತು. ಗುಬ್ಬಿ ಕಂಪನಿಯ ಮುತ್ತುರಾಜ ಅದರಲ್ಲಿ ರಾಜಕುಮಾರ ಆದರು. ನರಸಿಂಹರಾಜು ಅವರನ್ನು ಕನ್ನಡಿಗರು ತೆರೆಯ ಮೇಲೆ ಕಂಡದ್ದೂ ಇದರಲ್ಲಿಯೇ. ಚಿತ್ರ ಗೆದ್ದಿತು, ಆದರೆ ಕಲಾವಿದರ ಹೊಟ್ಟೆ ತುಂಬಲಿಲ್ಲ. ಆಗ ಕನ್ನಡದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಚಿತ್ರಗಳೇ ಬೆರಳೆಣಿಕೆಯಷ್ಟು. ಸ್ಟುಡಿಯೋಗಳೆಲ್ಲ ಮದ್ರಾಸಿನಲ್ಲಿ. ಇದರ ಮೇಲೆ ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸುವ ಡಬ್ಬಿಂಗ್ ಬೇರೆ.

ಆಗ ರಾಜಕುಮಾರ, ಬಾಲಕೃಷ್ಣ, ನರಸಿಂಹರಾಜು ಮತ್ತು ಜಿ.ವಿ. ಅಯ್ಯರ್ ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರಿಗೆ ಹೋಗಿ ನಾಟಕ ಆಡಿದರು. ಕೊನೆಗೆ ತಾವೇ ಒಂದು ಚಿತ್ರ ತಯಾರಿಸಿದರು. ಅದೇ 1960ರ 'ರಣಧೀರ ಕಂಠೀರವ'. ನಿರ್ದೇಶನ ಎನ್.ಸಿ. ರಾಜನ್ ಅವರದು. ಮೈಸೂರಿನ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಮಣಿಸಿದ ಕಥೆ ನಮ್ಮ ಕಡೆಯ ಗರಡಿಮನೆಗಳ ಹುಡುಗರಿಗೆ ಬಾಯಿಪಾಠವಾಗಿತ್ತು.

ಆ ಚಿತ್ರವನ್ನು ನೋಡಿದಾಗಲೆಲ್ಲ ನನಗೆ ಕತ್ತಿವರಸೆಗಿಂತ ಹೆಚ್ಚಾಗಿ ಕಾಣುವುದು ಅದರ ಹಿಂದಿನ ಧೈರ್ಯ. ಸಾಹುಕಾರನೊಬ್ಬ ಬಂದು ದುಡ್ಡು ಹಾಕುತ್ತಾನೆಂದು ಕಾಯದೆ ಕೆಲಸಗಾರರೇ ಕೂಡಿ ಮಾಲೀಕರಾದರು. ಜನ ಅದನ್ನು ಗೆಲ್ಲಿಸಿದರು. ನಾಲ್ಕು ಜನ ಕೂಡಿದರೆ ಏನಾದೀತು ಎನ್ನುವವರಿಗೆ 'ರಣಧೀರ ಕಂಠೀರವ'ವೇ ಉತ್ತರ.

ಬಂಗಾರದ ಮನುಷ್ಯ

ನಮ್ಮ ಸದಸ್ಯರಲ್ಲಿ ಈ ಚಿತ್ರ ನೋಡದವರು ವಿರಳ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, 1972ರ ಚಿತ್ರ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಓದಿದ ಯುವಕರು ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ನೇಗಿಲು ಹಿಡಿದರೆಂದು ಆಗ ಎಲ್ಲೆಡೆ ಮಾತು. ಕಲ್ಲುಗುಡ್ಡದಂಥ ಬರಡು ಭೂಮಿಯನ್ನು ರಾಜೀವಪ್ಪ ಹಸಿರು ಮಾಡುವುದನ್ನು ನೋಡುವಾಗ, ಮಳೆಗಾಗಿ ಮೋಡ ನೋಡುತ್ತ ಕೂಡುವ ನಮ್ಮ ಸೀಮೆಯವರ ಎದೆ ಉಬ್ಬುತ್ತಿತ್ತು.

ಎಲ್ಲರೂ ನೆನೆಸುವುದು ಹಾಡುಗಳನ್ನು. ನನಗೆ ಈ ಚಿತ್ರದಲ್ಲಿ ದೊಡ್ಡದೆನಿಸುವುದು ಕೊನೆಯ ಊಟದ ದೃಶ್ಯ. ಯಾರಿಗಾಗಿ ಬೆವರು ಸುರಿಸಿದನೋ ಆ ಅಕ್ಕನ ಮಗನೇ ಆಡಬಾರದ ಮಾತಾಡಿದಾಗ, ರಾಜೀವಪ್ಪ ತಟ್ಟೆ ಬಿಟ್ಟು ಎದ್ದು, ಯಾರಿಗೂ ಹೇಳದೆ ಹೊರಟುಹೋಗುತ್ತಾನೆ. ಕೂಗಾಟವಿಲ್ಲ, ಶಾಪವಿಲ್ಲ. ಒಬ್ಬನ ದುಡಿಮೆಯ ಮೇಲೆ ನಿಂತ ಮನೆ ಎಷ್ಟು ದೊಡ್ಡದಾದರೂ ಒಂದು ಮಾತಿಗೆ ಮುರಿದುಬೀಳಬಹುದು. ಲೆಕ್ಕ ಎಲ್ಲರೆದುರು ಇರಬೇಕು, ಹಕ್ಕು ಎಲ್ಲರಿಗೂ ಇರಬೇಕು ಎಂಬ ಸಹಕಾರದ ಪಾಠ ಆ ತಟ್ಟೆಯಲ್ಲಿದೆ ಎಂದು ನನಗನ್ನಿಸುತ್ತದೆ.

ನಮ್ಮೂರಿಗೆ ಬರದ ಚಿತ್ರಗಳು

ಇನ್ನು ಟೆಂಟಿಗೆ ಬಾರದೆ ಹೋದ ಚಿತ್ರಗಳ ವಿಷಯ. ಇವನ್ನು ಪತ್ರಿಕೆಯವರು 'ಕಲಾತ್ಮಕ', 'ಪ್ರಶಸ್ತಿ ಚಿತ್ರ' ಎಂದು ಕರೆದರು. ಆ ಹೆಸರು ಕೇಳಿಯೇ ನಮ್ಮ ಮಂದಿ ದೂರ ಸರಿದರು, ಹಂಚಿಕೆದಾರರಂತೂ ಹಳ್ಳಿಯ ಕಡೆ ಕಳಿಸಲೇ ಇಲ್ಲ. ನಾನು ಇವುಗಳಲ್ಲಿ ಹೆಚ್ಚಿನವನ್ನು ಕಂಡದ್ದು ದೂರದರ್ಶನದಲ್ಲಿ, ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದ ಹೊತ್ತಿನಲ್ಲಿ, ಕರೆಂಟು ಇದ್ದ ದಿನ. ಆಶ್ಚರ್ಯವೆಂದರೆ ಇವೆಲ್ಲ ನಮ್ಮಂಥ ಹಳ್ಳಿಗರ ಕಥೆಗಳೇ.

ಎನ್. ಲಕ್ಷ್ಮೀನಾರಾಯಣ ಅವರ 'ನಾಂದಿ' (1964) ನೋಡಿ. ರಾಜಕುಮಾರರ ಕೈಯಲ್ಲಿ ಕತ್ತಿಯಿಲ್ಲ, ತಲೆಯ ಮೇಲೆ ಕಿರೀಟವಿಲ್ಲ. ಸಾಧಾರಣ ಶಾಲಾ ಮಾಸ್ತರು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಕಿವಿ ಕೇಳದ, ಮಾತು ಬಾರದ ಹುಡುಗಿಯನ್ನು ಮದುವೆಯಾಗುತ್ತಾನೆ. ಆ ಪಾತ್ರದಲ್ಲಿ ಹರಿಣಿಯವರು ಒಂದು ಮಾತೂ ಆಡದೆ ಇಡೀ ಸಂಸಾರದ ಆತಂಕವನ್ನು ಕಣ್ಣಿನಲ್ಲೇ ಹೇಳುತ್ತಾರೆ.

ಬಿ.ವಿ. ಕಾರಂತರ 'ಚೋಮನ ದುಡಿ' (1975) ಶಿವರಾಮ ಕಾರಂತರ ಕಾದಂಬರಿಯಿಂದ ಬಂದದ್ದು. ಚೋಮನಿಗೆ ಎತ್ತಿವೆ, ತೋಳಿನಲ್ಲಿ ಬಲ ಇದೆ, ಉಳುವ ಆಸೆ ಇದೆ. ಕೀಳೆಂದು ಕರೆಸಿಕೊಂಡ ಜಾತಿಯವನೆಂಬ ಕಾರಣಕ್ಕೆ ತುಂಡು ಭೂಮಿ ಮಾತ್ರ ಸಿಗುವುದಿಲ್ಲ. ವಾಸುದೇವ ರಾವ್ ಅವರಿಗೆ ರಾಷ್ಟ್ರ ಪ್ರಶಸ್ತಿ, ಚಿತ್ರಕ್ಕೆ ಸ್ವರ್ಣಕಮಲ ಬಂದವು. 'ಬಂಗಾರದ ಮನುಷ್ಯ' ನೋಡಿದವರು ಇದನ್ನೂ ನೋಡಬೇಕು. ದುಡಿದರೆ ಭೂಮಿ ಬಂಗಾರ ಕೊಡುತ್ತದೆ ಎಂದು ಅದು ಹೇಳಿತು. ದುಡಿಯಲಿಕ್ಕೆ ಭೂಮಿಯನ್ನೇ ಕೊಡದಿದ್ದರೆ ಎಂದು ಇದು ಕೇಳುತ್ತದೆ. ಎರಡನ್ನೂ ಕೂಡಿಸಿ ನೋಡಿದಾಗಲೇ ಹಳ್ಳಿಯ ಪೂರ್ಣ ಚಿತ್ರ.

ಗಿರೀಶ ಕಾರ್ನಾಡರ 'ಕಾಡು' (1973) ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ. ಎರಡು ಊರುಗಳ ಹಗೆ ಹೇಗೆ ಬೆಳೆಯುತ್ತದೆ ಎಂಬುದನ್ನು ಕಿಟ್ಟಿ ಎಂಬ ಸಣ್ಣ ಹುಡುಗನ ಕಣ್ಣಿನಿಂದ ತೋರಿಸುತ್ತದೆ. ಎಂ.ಎಸ್. ಸತ್ಯು ಅವರು ಬೀದರಿನ ಕಡೆ ತೆಗೆದ 'ಬರ' 1980ರ ದಶಕದ ಆರಂಭದ್ದು, ಅನಂತಮೂರ್ತಿಯವರ ಕಥೆ. ಜಿಲ್ಲಾಧಿಕಾರಿಯಾಗಿ ಅನಂತನಾಗ್. ಬರ ಬಂದಿದೆ ಎಂಬುದು ದನಕ್ಕೂ ಗೊತ್ತು. ಆದರೆ 'ಬರಪೀಡಿತ' ಎಂದು ಕಾಗದದ ಮೇಲೆ ಬರೆಸಲಿಕ್ಕೆ ಎಷ್ಟು ರಾಜಕೀಯ! ಬರ ಎಂದರೇನೆಂದು ನಮ್ಮ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ, ಬರ ಘೋಷಣೆ ಎಂದರೇನೆಂದು ತಿಳಿಯಲಿಕ್ಕೆ ಈ ಚಿತ್ರ ನೋಡಬೇಕು.

ಗಿರೀಶ ಕಾಸರವಳ್ಳಿಯವರ 'ತಬರನ ಕಥೆ' ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ. 1986ರ ಸ್ವರ್ಣಕಮಲ ಇದಕ್ಕೇ. ನಿವೃತ್ತನಾದ ತಬರಶೆಟ್ಟಿ ತನ್ನದೇ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ದಿನದಿನಕ್ಕೆ ಏರುತ್ತದೆ. ಚಾರುಹಾಸನ್ ಅವರ ನಡಿಗೆಯನ್ನು ಒಮ್ಮೆ ನೋಡಿದವರು ಮರೆಯಲಾರರು. ಕೈಯಲ್ಲಿ ಅರ್ಜಿ ಹಿಡಿದು ಕೌಂಟರಿನ ಮುಂದೆ ನಿಂತವರನ್ನು ನಾಳೆ ಬಾ ಎಂದು ಕಳಿಸುವ ಮೊದಲು ಯಾವ ಸಂಘದ ಕಾರ್ಯದರ್ಶಿಯಾದರೂ, ಯಾವ ಕಚೇರಿಯ ಗುಮಾಸ್ತನಾದರೂ ಈ ಚಿತ್ರವನ್ನು ನೆನೆಯಬೇಕು.

ನಮ್ಮ ಸೀಮೆಯ ಕಥೆಗಳು

ಕೊಟ್ಟೂರಿನ ಕುಂ. ವೀರಭದ್ರಪ್ಪನವರು, ನಮ್ಮೆಲ್ಲರ ಕುಂವೀ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅರಮನೆ' ಬರೆದವರೆಂದು ಎಲ್ಲರಿಗೂ ಗೊತ್ತು. ಅವರ ಕಥೆಗಳು ಎರಡು ಒಳ್ಳೆಯ ಚಿತ್ರಗಳಾಗಿವೆ ಎಂಬುದು ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೂ ಎಷ್ಟು ಮಂದಿಗೆ ಗೊತ್ತಿದ್ದೀತು?

ಒಂದು, ನಾಗತಿಹಳ್ಳಿ ಚಂದ್ರಶೇಖರ ನಿರ್ದೇಶಿಸಿದ 'ಕೊಟ್ರೇಶಿ ಕನಸು' (1994). ಹೆಸರು ಕೇಳಿದರೇ ಸಾಕು, ಯಾವ ಸೀಮೆಯ ಹುಡುಗ ಎಂದು ಗೊತ್ತಾಗುತ್ತದೆ. ನಮ್ಮ ಕಡೆ ಮನೆಗೊಬ್ಬ ಕೊಟ್ರೇಶಿ ಇದ್ದಾನೆ. ಚಿತ್ರದ ಕೊಟ್ರೇಶಿ ದಲಿತರ ಕೇರಿಯ ಹುಡುಗ, ಓದಿನಲ್ಲಿ ಜಾಣ. ಹುಡುಗ ಪಾಸಾದರೆ ಊರಿಗೆ ಸಂತೋಷವಾಗಬೇಕು, ಇಲ್ಲಿ ಊರಿನ ದೊಡ್ಡವರಿಗೆ ಕಸಿವಿಸಿ. ಕೊಟ್ರೇಶಿಯಾಗಿ ನಟಿಸಿದ ಬಾಲಕ ವಿಜಯ ರಾಘವೇಂದ್ರನಿಗೆ ಅತ್ಯುತ್ತಮ ಬಾಲನಟ ರಾಷ್ಟ್ರ ಪ್ರಶಸ್ತಿ ಬಂತು, ಚಿತ್ರ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. ಈ ಚಿತ್ರ ನೋಡುತ್ತ ನಾನು ನಮ್ಮ ಶಾಲೆಯ ಹಿಂದಿನ ಬೆಂಚುಗಳನ್ನು ನೆನೆದೆ. ಎಷ್ಟು ಕೊಟ್ರೇಶಿಗಳು ಏಳನೆಯ ಇಯತ್ತೆಗೆ ನಿಂತು ದನ ಕಾಯಲು ಹೋದರು! ಅವರ ಕನಸುಗಳ ಲೆಕ್ಕ ಯಾವ ಹಾಜರಿ ಪುಸ್ತಕದಲ್ಲಿದೆ?

ಇನ್ನೊಂದು, ಕಾಸರವಳ್ಳಿಯವರ 'ಕೂರ್ಮಾವತಾರ'. 2011ರ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆದದ್ದು. ನಿವೃತ್ತಿಯ ಹೊಸ್ತಿಲಲ್ಲಿರುವ ಗುಮಾಸ್ತರೊಬ್ಬರು ಟಿ.ವಿ. ಧಾರಾವಾಹಿಯಲ್ಲಿ ಗಾಂಧೀಜಿಯ ಪಾತ್ರ ಮಾಡುತ್ತಾರೆ. ಜನ ಅವರನ್ನೇ ಗಾಂಧಿಯೆಂದು ತಿಳಿದು ಕಾಲಿಗೆ ಬೀಳುತ್ತಾರೆ. ವೇಷ ಹಾಕುವುದು ಸುಲಭ, ಹಾಗೆ ಬದುಕುವುದು ಕಷ್ಟ ಎಂದು ಆ ಬಡಪಾಯಿಗೆ ನಿಧಾನಕ್ಕೆ ಅರಿವಾಗುತ್ತದೆ. ಖಾದಿ ತೊಟ್ಟು ವೇದಿಕೆ ಏರುವ ಎಲ್ಲರೂ ನೋಡತಕ್ಕದ್ದು.

ಎರಡೆರಡು ರೂಪಾಯಿಯ ಚಿತ್ರ

ಸಹಕಾರಿಗಳಾದ ನಾವು ಮರೆಯಬಾರದ ಚಿತ್ರವೊಂದಿದೆ. ಅದು ಹಿಂದಿಯದು, ಹೆಸರು 'ಮಂಥನ್' (1976), ನಿರ್ದೇಶಕರು ಶ್ಯಾಮ್ ಬೆನಗಲ್. ಗುಜರಾತಿನ ಹಾಲು ಉತ್ಪಾದಕರ ಸಹಕಾರ ಸಂಘಗಳ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ಟರು. ಹತ್ತು ಲಕ್ಷ ಕೂಡಿತು, ಚಿತ್ರವಾಯಿತು. ಬಿಡುಗಡೆಯಾದಾಗ ತಾವೇ ನಿರ್ಮಾಪಕರೆಂದು ರೈತರು ಲಾರಿಗಳಲ್ಲಿ ಬಂದು ನೋಡಿದರು. ಹಾಲಿನ ಸಂಘ ಕಟ್ಟಲು ಹಳ್ಳಿಗೆ ಬರುವ ಪಶುವೈದ್ಯ ಡಾ. ರಾವ್ ಪಾತ್ರದಲ್ಲಿ ನಮ್ಮ ಗಿರೀಶ ಕಾರ್ನಾಡರೇ ಇದ್ದಾರೆ.

ಕಥೆಯಲ್ಲಿ ಡೈರಿಯ ಸಾಹುಕಾರ ಕಡಿಮೆ ದರ ಕೊಟ್ಟು ಸುಲಿಯುತ್ತಾನೆ. ಸರಪಂಚನಿಗೆ ಸಂಘದ ಅಧ್ಯಕ್ಷಗಿರಿ ತನಗೇ ಬೇಕು. ಚುನಾವಣೆಯಲ್ಲಿ ಹರಿಜನ ಕೇರಿಯ ಮನುಷ್ಯ ಗೆದ್ದಾಗ ಊರೇ ಕಲಕಿಹೋಗುತ್ತದೆ. ಕೊನೆಗೆ ಡಾ. ರಾವ್ ಊರು ಬಿಡಬೇಕಾಗುತ್ತದೆ. ಸಂಘ ಮಾತ್ರ ಮುಚ್ಚುವುದಿಲ್ಲ. ಮೊದಲು ಅವರನ್ನು ನಂಬದೆ ಜಗಳಕ್ಕೆ ನಿಂತಿದ್ದ ಹಳ್ಳಿಯ ಭೋಲಾನೇ ಅದನ್ನು ಎತ್ತಿ ಹಿಡಿಯುತ್ತಾನೆ. ಸಂಘ ಕಟ್ಟಿದವರು ಹೋದ ಮೇಲೂ ಸಂಘ ಉಳಿಯುವುದು ಹೀಗೆ. ನಮ್ಮ ಇಪ್ಪತ್ತೈದು ವರ್ಷಗಳಲ್ಲಿ ಎಷ್ಟು ಭೋಲಾಗಳು ಇದ್ದಾರೆಂದು ಹಳೆಯ ಸದಸ್ಯರಿಗೆ ಗೊತ್ತು. ಈ ಚಿತ್ರವನ್ನು ದುರಸ್ತಿ ಮಾಡಿ, 2024ರಲ್ಲಿ ಫ್ರಾನ್ಸಿನ ಕಾನ್ ಉತ್ಸವದಲ್ಲಿ ತೋರಿಸಿದರು. ಎರಡೆರಡು ರೂಪಾಯಿ ಎಷ್ಟು ದೂರ ಹೋಯಿತು ನೋಡ್ರಿ!

ಕೂಡಿ ನೋಡುವುದು

ಇಂಥ ಚಿತ್ರಗಳು ಹಳ್ಳಿಗರಿಗೆ ಅರ್ಥವಾಗುವುದಿಲ್ಲ ಎಂಬ ಮಾತನ್ನು ಸುಳ್ಳು ಮಾಡಿದವರು ಸಾಗರ ತಾಲ್ಲೂಕು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು. ನೀನಾಸಂ ಸಂಸ್ಥೆಯ ಆಶ್ರಯದಲ್ಲಿ 1973ರಲ್ಲಿ ಚಿತ್ರಸಮಾಜ ಆರಂಭಿಸಿದರು. ಅಡಿಕೆ ತೋಟದಲ್ಲಿ ದುಡಿಯುವವರಿಗೆ ಬಂಗಾಳದ 'ಪಥೇರ್ ಪಾಂಚಾಲಿ', ಇಟಲಿಯ 'ಬೈಸಿಕಲ್ ಥೀವ್ಸ್', ಜಪಾನಿನ 'ರಾಶೋಮನ್' ತೋರಿಸಿದರು. ಪುಣೆಯ ರಾಷ್ಟ್ರೀಯ ಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರು ಚಿತ್ರಗಳನ್ನು ಒದಗಿಸಿದರು. ಸೈಕಲ್ ಕಳೆದುಕೊಂಡ ಬಡವನ ದುಃಖಕ್ಕೆ ಇಟಲಿಯ ಭಾಷೆ ಬರಬೇಕೇ? ಬಹಳ ವರ್ಷಗಳ ಮೇಲೂ ಹೆಗ್ಗೋಡಿನ ಜನ ಆ ಚಿತ್ರಗಳನ್ನು ನೆನೆದು ಮಾತಾಡಿದ್ದಾರೆ. ನಮ್ಮ ಹಡಗಲಿಯಲ್ಲೂ ಎಂ.ಪಿ. ಪ್ರಕಾಶರ ರಂಗಭಾರತಿ ಇತ್ತೆಂಬುದನ್ನು ನೆನೆದರೆ, ನಮ್ಮ ಸೀಮೆಯೇನೂ ಕಲೆಗೆ ಬರಡಲ್ಲ.

ಈಗ ಟೆಂಟು ಹೋಯಿತು. ಎಲ್ಲರ ಕೈಯಲ್ಲೂ ಮೊಬೈಲು, ಪ್ರತಿಯೊಬ್ಬರಿಗೂ ಬೇರೆ ಸಿನಿಮಾ. ವೈದೇಹಿಯವರ ಕಥೆಯನ್ನಾಧರಿಸಿದ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಇದನ್ನೇ ಮುಂಗಂಡಿತ್ತು. ಸೂಲಗಿತ್ತಿ ಗುಲಾಬಿಯ ಗುಡಿಸಿಲಿಗೆ ಬಣ್ಣದ ಟಿ.ವಿ. ಬಂದಾಗ ಕೇರಿಯ ಹೆಂಗಸರೆಲ್ಲ ಜಾತಿ, ಧರ್ಮ ಎಣಿಸದೆ ಅಲ್ಲಿ ಕೂಡುತ್ತಾರೆ. ಹೊರಗಿನ ಗಾಳಿ ಕೆಟ್ಟಾಗ ಆ ಕೂಟವೂ ಒಡೆಯುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರ ಪ್ರಶಸ್ತಿ ತಂದ ಪಾತ್ರ ಅದು.

ಕಳೆದದ್ದೆಲ್ಲ ಮರಳಿ ಬಾರದು, ಆದರೆ ಎಲ್ಲವೂ ಕಳೆದಿಲ್ಲ. ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಚಿತ್ರವನ್ನು ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಇಟಲಿಯವರು ಕೂತು ನೋಡಿದ ಕನ್ನಡ ಚಿತ್ರವನ್ನು ಮಾಗಳದವರು ನೋಡಬಾರದೇ?

ಆದ್ದರಿಂದ ಸಂಘದ ಆಡಳಿತ ಮಂಡಳಿಗೆ ನನ್ನದೊಂದು ವಿನಂತಿ. ರಜತ ಮಹೋತ್ಸವದ ನೆನಪಿಗೆ ತಿಂಗಳಿಗೊಮ್ಮೆ, ಹುಣ್ಣಿಮೆಯ ಆಸುಪಾಸಿನಲ್ಲಿ, ಸಂಘದ ಕಟ್ಟಡದ ಮುಂದಿನ ಬಯಲಲ್ಲಿ ಒಂದು ಬಿಳಿ ಬಟ್ಟೆ ಕಟ್ಟಿ, ಅನುಮತಿ ಪಡೆದು ಒಂದು ಒಳ್ಳೆಯ ಚಿತ್ರ ತೋರಿಸಿರಿ. ಮೊದಲನೆಯದು 'ಕೊಟ್ರೇಶಿ ಕನಸು' ಆಗಲಿ, ಎರಡನೆಯದು 'ಮಂಥನ್'. ನಡುವೆ ಸ್ವಲ್ಪ ಹೊತ್ತು ದೀಪ ಹಚ್ಚಿರಿ, ಮಂದಿ ಮಾತಾಡಲಿ, ಜಗಳಾಡಲಿ. ಊರಿನಲ್ಲಿ ಟೆಂಟಿನ ಕಾಲ ಕಂಡ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಯಾವ ವರ್ಷ ಯಾವ ಚಿತ್ರ ಬಂತು, ಟಿಕೀಟು ಎಷ್ಟು, ಎಲ್ಲಿ ಟೆಂಟು ಹಾಕಿದ್ದರು ಎಂದು ಶಾಲೆಯ ಮಕ್ಕಳಿಂದ ಕೇಳಿ ಬರೆಯಿಸಿರಿ. ಸಂಘದ ಲೆಕ್ಕದ ಪುಸ್ತಕಗಳ ಪಕ್ಕದಲ್ಲಿ ಆ ಪುಸ್ತಕವೂ ಇರಲಿ. 'ಸತಿ ಸುಲೋಚನ'ಕ್ಕೆ ಆದದ್ದು ಈ ನೆನಪುಗಳಿಗೂ ಆಗುವುದು ಬೇಡ.

ಎರಡೆರಡು ರೂಪಾಯಿ ಕೂಡಿಸಿ ಚಿತ್ರ ತೆಗೆದವರಿದ್ದಾರೆ. ನಾವು ಕೂಡಿ ಕೂತು ನೋಡಿದರೆ ಸಾಕು. ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಸದಸ್ಯರೆಲ್ಲರಿಗೂ ಮಳೆ ಬೆಳೆ ಚೆನ್ನಾಗಿ ಆಗಲಿ ಎಂದು ಹಾರೈಸುತ್ತೇನೆ.